ಗುಂಡುಸೂಜಿಯ ಸಾಕ್ಷ್ಯ

ಸರಕಾರಿ ಕಚೇರಿಯ ಗುಮಾಸ್ತನಿಗೆ ಗುಂಡುಸೂಜಿಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಡತದಿಂದ ಒಂದು ಕಾಗದ ಮಾಯವಾದರೆ, ಅದು ಎಲ್ಲಿತ್ತೆಂಬುದನ್ನು ಉಳಿದ ಕಾಗದಗಳ ಮೂಲೆಯ ತೂತುಗಳೇ ಹೇಳುತ್ತವೆ. ಕಾಗದಗಳೆಲ್ಲ ಕಂಪ್ಯೂಟರಿನೊಳಗೆ ಹೋಗಿ ಕುಳಿತುಕೊಳ್ಳುತ್ತಿರುವ ಈ ಕಾಲದಲ್ಲಿಯೂ ನನ್ನ ಮೇಜಿನ ಮೇಲೆ ಸೂಜಿಯ ಡಬ್ಬಿ ಇದ್ದೇ ಇದೆ. ಆದರೆ ಕಳ್ಳನೊಬ್ಬನನ್ನು ಹಿಡಿದುಕೊಡುವುದಕ್ಕೂ ಈ ಸೂಜಿ ಸಾಕೆಂದು ನನಗೆ ತಿಳಿದದ್ದು ಈಚೆಗೆ, ಒಂದು ಮಕ್ಕಳ ಪುಸ್ತಕದಿಂದ. ಈ ಸಲದ ಹರಟೆಗೆ ಅದೇ ವಸ್ತು.

ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಬಹಳ. ಸಾಗರದ ನಮ್ಮ ಮನೆಯ ಅಟ್ಟದ ಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಒಂದು ಕಟ್ಟೇ ಇತ್ತು. ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ನಮ್ಮ ದೊಡ್ಡಪ್ಪ ತಮ್ಮ ಹುಡುಗತನದಲ್ಲಿ ಭೂಗೋಳದ ಪುಸ್ತಕದ ನಡುವೆ ಇಟ್ಟುಕೊಂಡು ಓದಿದ್ದರಂತೆ. ಅದೇ ದೊಡ್ಡಪ್ಪ, ಆ ಪುಸ್ತಕಗಳನ್ನು ನನ್ನ ಕೈಯಲ್ಲಿ ಕಂಡಾಗ ಕಿವಿ ಹಿಂಡಿದರು! ಹೀಗಿರಲು, ಎಂಟನೆಯ ತರಗತಿಯ ನನ್ನ ಮಗ ಶಾಲೆಯ ವಾಚನಾಲಯದಿಂದ ‘ಎಮಿಲ್ ಅಂಡ್ ದಿ ಡಿಟೆಕ್ಟಿವ್ಸ್’ ಎಂಬ ಪುಸ್ತಕವನ್ನು ತಂದಾಗ ನಾನೂ ವಂಶದ ಪದ್ಧತಿಯಂತೆ ಅದನ್ನು ಕಸಿದುಕೊಂಡೆ. ರಾತ್ರಿ, ಪರೀಕ್ಷಿಸುವ ನೆಪದಲ್ಲಿ ಮೊದಲ ಪುಟ ತೆರೆದೆ. ಕೊನೆಯ ಪುಟ ಮುಚ್ಚಿದಾಗ ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಇದನ್ನು ಬರೆದವರು ಜರ್ಮನಿಯ ಏರಿಕ್ ಕೆಸ್ಟ್ನರ್, ಪ್ರಕಟವಾದದ್ದು 1929ರಲ್ಲಿ. ಸಣ್ಣ ಊರಿನ ಹುಡುಗ ಎಮಿಲ್. ತಂದೆಯಿಲ್ಲ. ತಾಯಿ ಹೆಂಗಸರ ಕೂದಲು ತೊಳೆದು, ಸಿಂಗರಿಸಿ ಸಂಸಾರ ತೂಗಿಸುವವಳು. ರಜೆಯಲ್ಲಿ ಅವನನ್ನು ಬರ್ಲಿನ್ನಿನ ಅಜ್ಜಿಯ ಮನೆಗೆ ಒಬ್ಬನನ್ನೇ ರೈಲು ಹತ್ತಿಸುತ್ತಾಳೆ. ಅಜ್ಜಿಗೆ 120 ಮಾರ್ಕು, ಅವನ ಖರ್ಚಿಗೆ 20, ಒಟ್ಟು 140 ಮಾರ್ಕು ಅವನ ಕೋಟಿನ ಒಳಜೇಬಿನಲ್ಲಿ. ಹುಡುಗನಿಗೆ ಭಯ. ಲಕೋಟೆಯನ್ನೂ ಅದರೊಳಗಿನ ನೋಟುಗಳನ್ನೂ ಸೇರಿಸಿ ಕೋಟಿನ ಅಸ್ತರಿಗೆ ಒಂದು ಸೂಜಿ ಚುಚ್ಚಿಕೊಳ್ಳುತ್ತಾನೆ. ಎದುರಿಗೆ ಗುಂಡು ಟೋಪಿಯ ಒಬ್ಬ ಮಹಾಶಯ, ಚಾಕಲೇಟು ಕೊಟ್ಟು ಮಾತಾಡಿಸುತ್ತಾನೆ. ಹುಡುಗನಿಗೆ ನಿದ್ದೆ ಹತ್ತುತ್ತದೆ. ಎಚ್ಚರವಾದಾಗ ಮಹಾಶಯನೂ ಇಲ್ಲ, ಹಣವೂ ಇಲ್ಲ.

ಪೋಲೀಸರಿಗೆ ಹೇಳಬಹುದಲ್ಲ ಎನ್ನುತ್ತೀರಿ. ಹೇಳುವಂತಿಲ್ಲ. ಊರಿನಲ್ಲಿದ್ದ ಒಬ್ಬ ದೊರೆಯ ಪ್ರತಿಮೆಗೆ ಎಮಿಲ್ ತುಂಟತನದಿಂದ ಕೆಂಪು ಮೂಗನ್ನೂ ಕರಿಯ ಮೀಸೆಯನ್ನೂ ಬರೆದಿದ್ದಾನೆ. ಪೋಲೀಸರು ಹಿಡಿಯುವುದು ಕಳ್ಳನನ್ನಲ್ಲ, ತನ್ನನ್ನೇ ಎಂದು ಅವನ ನಂಬಿಕೆ. ದೊಡ್ಡವರಿಗೆ ನಗೆ ಬರುವ ಈ ಭಯವೇ ಕಥೆಯ ಬೇರು. ಆದ್ದರಿಂದ ಅವನು ಕಳ್ಳನ ಹಿಂದೆ ತಾನೇ ಹೊರಡುತ್ತಾನೆ.

ಅಪರಿಚಿತ ಶಹರಿನಲ್ಲಿ ಅವನಿಗೆ ಸಿಗುವವನು ಗುಸ್ಟಾಫ್ ಎಂಬ ಹುಡುಗ, ಕೈಯಲ್ಲೊಂದು ಹಾರನ್ನು. ಗುಸ್ಟಾಫ್ ಗೆಳೆಯರನ್ನೆಲ್ಲ ಕೂಡಿಸುತ್ತಾನೆ. ಮುಂದೆ ಅವರು ಮಾಡುವ ಕೆಲಸದ ಹಂಚಿಕೆಯನ್ನು ನೋಡಿದರೆ ನಮ್ಮ ಸೂಪರಿಂಟೆಂಡೆಂಟರೂ ತಲೆದೂಗಬೇಕು! ಯಾರು ಹೋಟೆಲಿನ ಬಾಗಿಲು ಕಾಯಬೇಕು, ಯಾರು ಸುದ್ದಿ ಒಯ್ಯಬೇಕು, ಖರ್ಚಿಗೆ ಯಾರ ಬಳಿ ಎಷ್ಟು ಚಿಲ್ಲರೆ ಇದೆ, ಎಲ್ಲಕ್ಕೂ ಲೆಕ್ಕ. ನನ್ನ ಮನಸ್ಸನ್ನು ಸೆಳೆದವನು ಮಾತ್ರ ಡೀನ್‌ಸ್ಟಾಗ್ ಎಂಬ ಚಿಕ್ಕ ಹುಡುಗ. ಆ ಹೆಸರಿಗೆ ಮಂಗಳವಾರವೆಂದು ಅರ್ಥ. ಅವನ ಪಾಲಿಗೆ ಬಂದದ್ದು ಮನೆಯಲ್ಲಿ ಫೋನಿನ ಬಳಿ ಕುಳಿತಿರುವ ಕೆಲಸ. ಸಾಹಸವೆಲ್ಲ ಬೀದಿಯಲ್ಲಿ ನಡೆಯುತ್ತಿದ್ದರೂ ಅವನು ಜಾಗ ಬಿಟ್ಟು ಕದಲುವುದಿಲ್ಲ. ಕೊನೆಯಲ್ಲಿ ಅಜ್ಜಿ ಅವನನ್ನು ಹೆಸರೆತ್ತಿ ಹೊಗಳುತ್ತಾಳೆ. ವರುಷಗಟ್ಟಲೆ ಟಪಾಲು ವಿಭಾಗದಲ್ಲಿ ಕುಳಿತವನಿಗೆ ಕಣ್ಣು ತೇವವಾದರೆ ನಗಬೇಡಿ.

ಕಡೆಗೆ ಮಕ್ಕಳ ಒಂದು ದಂಡೇ ಕಳ್ಳನ ಬೆನ್ನಿಗೆ ಬೀಳುತ್ತದೆ. ಅವನು ಬ್ಯಾಂಕಿಗೆ ನುಗ್ಗುತ್ತಾನೆ. ಹಣ ನಿನ್ನದೆಂಬುದಕ್ಕೆ ಏನು ಸಾಕ್ಷ್ಯ ಎಂಬ ಪ್ರಶ್ನೆ ಬಂದಾಗ ಎಮಿಲ್‌ಗೆ ಸೂಜಿಯ ನೆನಪಾಗುತ್ತದೆ. ನೋಟುಗಳನ್ನು ಬೆಳಕಿಗೆ ಹಿಡಿದರೆ ತೂತುಗಳು! ಆ ಮಹಾಶಯ ಹಿಂದೆ ಬ್ಯಾಂಕೊಂದನ್ನು ದೋಚಿದವನೆಂದೂ ಹೊರಬಿದ್ದು, ಎಮಿಲ್‌ಗೆ ಸಾವಿರ ಮಾರ್ಕು ಬಹುಮಾನ ಬರುತ್ತದೆ. ಇಡೀ ಪುಸ್ತಕದಲ್ಲಿ ಒಂದು ಕೊಲೆಯಿಲ್ಲ.

ಕೆಸ್ಟ್ನರರ ತಾಯಿಯೂ ಡ್ರೆಸ್ಡೆನ್ನಿನಲ್ಲಿ ಇದೇ ಕೂದಲಿನ ಕಸುಬಿನಿಂದ ಮಗನನ್ನು ಓದಿಸಿದಾಕೆ. ಅವರ ಪೂರ್ಣ ನಾಮಧೇಯದಲ್ಲಿ ಎಮಿಲ್ ಎಂಬುದೂ ಉಂಟು. 1933ರ ಮೇ 10ರಂದು ನಾಜಿಗಳು ಬರ್ಲಿನ್ನಿನಲ್ಲಿ ಪುಸ್ತಕಗಳನ್ನು ಸುಟ್ಟಾಗ ಅವರ ಪುಸ್ತಕಗಳೂ ಬೆಂಕಿಗೆ ಬಿದ್ದವು. ಗುಂಪಿನಲ್ಲಿ ನಿಂತು ಅವರು ಅದನ್ನು ಕಣ್ಣಾರೆ ಕಂಡರು. ಸುಟ್ಟವರು ಹೋದರು, ಎಮಿಲ್ ಉಳಿದ.

ಮರುದಿನ ಪುಸ್ತಕವನ್ನು ಮಗನಿಗೆ ಹಿಂದಿರುಗಿಸಿ, ಒಂದು ಕರಾರು ಹಾಕಿದೆ: ರಾತ್ರಿ ಮಲಗುವಾಗ ನಾನು ಅದನ್ನು ಕನ್ನಡದಲ್ಲಿ ಹೇಳುವುದು, ಅವನು ಕೇಳುವುದು. ಮುಂಬಯಿಯಲ್ಲಿ ಬೆಳೆದ ಹುಡುಗನ ಕಿವಿಗೆ ನಾಲ್ಕು ಕನ್ನಡ ಮಾತು ಬೀಳಲೆಂಬ ಸ್ವಾರ್ಥವೂ ಇತ್ತು. ಮೂರನೆಯ ರಾತ್ರಿ ಹಣ ಕಳೆದ ಪ್ರಸಂಗ ಬಂತು.

“ಅಪ್ಪಾ, ಅವನು ಅಮ್ಮನಿಗೆ ಯಾಕೆ ಹೇಳಲಿಲ್ಲ?”

“ಅಮ್ಮ ಕಷ್ಟಪಟ್ಟು ದುಡಿದ ಹಣವಲ್ಲವೇನೋ? ಕಳೆದೆನೆಂದು ಹೇಳಲು ಬಾಯಿ ಹೇಗೆ ಬರಬೇಕು?”

ಹುಡುಗ ಗೋಡೆಯ ಕಡೆ ಹೊರಳಿದ. ಸ್ವಲ್ಪ ಹೊತ್ತಿನ ಮೇಲೆ, “ನಾನೂ ಕಳೆದೆ, ಅಪ್ಪಾ” ಎಂದ.

ಶಾಲೆಯ ಪ್ರವಾಸಕ್ಕೆಂದು ಕೊಟ್ಟ 800 ರೂಪಾಯಿಯನ್ನು ಲೋಕಲ್ ಗಾಡಿಯಲ್ಲಿ ಯಾರೋ ಚೀಲದಿಂದ ಹಾರಿಸಿದ್ದರು. ಪ್ರವಾಸದ ದಿನ ಇವನು ಹೊಟ್ಟೆನೋವೆಂದು ಮನೆಯಲ್ಲಿಯೇ ಉಳಿದಿದ್ದ. ಮಧ್ಯಾಹ್ನ ನಾಲ್ಕು ದೋಸೆ ತಿಂದಿದ್ದ. ಇಂತಹ ಸುಳಿವು ಕಣ್ಣೆದುರಿಗೆ ಇದ್ದರೂ ಕಾಣದ ನಾನೆಂತಹ ಪತ್ತೇದಾರ! ಯಾಕೆ ಹೇಳಲಿಲ್ಲವೆಂದು ಕೇಳಿದೆ. “ಛತ್ರಿ ಕಳೆದಾಗ ನೀನು ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ” ಎಂದ.

ಮನೆಯಾಕೆಗೆ ಹೇಳಿದರೆ, “ಅದು ಹೊಟ್ಟೆನೋವಲ್ಲವೆಂದು ನನಗೆ ಅಂದೇ ಗೊತ್ತಾಗಿತ್ತು. ನಿಮ್ಮ ಹತ್ತಿರ ಹೇಳುವುದಕ್ಕೆ ನನಗೂ ಹೆದರಿಕೆಯಾಯಿತು” ಎಂದಳು. ಎಮಿಲ್ ಕಂಡು ಹೆದರಿದ ಪೋಲೀಸಿನವನು ನಮ್ಮ ಮನೆಯಲ್ಲಿ ಯಾರೆಂಬುದು ಆಗ ಪತ್ತೆಯಾಯಿತು.

ಕಥೆಯ ಕೊನೆಯಲ್ಲಿ ಅಜ್ಜಿ ತೆಗೆಯುವ ನೀತಿ ಬಲು ಸರಳ: ಹಣವನ್ನು ಅಂಚೆಯ ಮೂಲಕ ಕಳುಹಿಸುವುದೇ ಕ್ಷೇಮ. ಪರಸ್ಥಳದಲ್ಲಿ ದುಡಿದು ಊರಿಗೆ ಮನಿಆರ್ಡರು ಮಾಡಿದವರ ಮಕ್ಕಳಾದ ನಮಗೆ ಇದು ಹೊಸದಲ್ಲ. ಇಂದು ಹಣ ಫೋನಿನಲ್ಲಿಯೇ ಹೋಗುತ್ತದೆ. ಪ್ರವಾಸದ ಹಣವನ್ನೂ ಮುಂದೆ ನಾನು ಹಾಗೆಯೇ ಕಳುಹಿಸಬಹುದು. ಆದರೆ ಕಳೆದದ್ದನ್ನು ಮನೆಗೆ ಬಂದು ಹೇಳುವ ಧೈರ್ಯವನ್ನು ಮಗನಿಗೆ ಯಾವ ಅಂಚೆಯೂ ತಂದುಕೊಡಲಾರದು. ಅದನ್ನು ತಂದೆಯೇ ಕೊಡಬೇಕು.

ಛತ್ರಿಯ ಬಗ್ಗೆ ಮಗನ ಕ್ಷಮೆ ಕೇಳಿದ್ದೇನೆ. ಅಟ್ಟದ ಮೇಲಿನ ಕಟ್ಟು ಇನ್ನೂ ಇದ್ದರೆ ಕಳುಹಿಸಿಕೊಡಿರೆಂದು ದೊಡ್ಡಪ್ಪನಿಗೆ ಹೇಳಿದ್ದೇನೆ.