ಗ್ಯಾಸ್ ಮುಗಿದಿಲ್ಲ, ತೂಬು ಕಟ್ಟಿದೆ

ನಮ್ಮ ಹಾಸನ ಜಿಲ್ಲೆಯ ಹವೆ ಎಲ್ಲೆಡೆ ಒಂದೇ ತೆರನಾದುದಲ್ಲ. ಬೇಲೂರಿನಿಂದ ಪಶ್ಚಿಮಕ್ಕೆ ಸರಿದಂತೆ ಮಲೆನಾಡಿನ ತಂಪು ಎದುರುಗೊಳ್ಳುತ್ತದೆ. ಹಳೇಬೀಡನ್ನು ಬಿಟ್ಟು ಅರಸೀಕೆರೆಯತ್ತ ಬಂದಂತೆ ಮಳೆ ವಿರಳವಾಗಿ, ತೆಂಗಿನ ತೋಟಗಳ ನಡುವೆಯೂ ಬಯಲುಸೀಮೆಯ ಬಿಸಿಲು ನೆತ್ತಿಯನ್ನು ಸುಡುತ್ತದೆ. ಹಿಂದೆ ನಾಡಹೆಂಚಿನ ಮಾಡು, ದಪ್ಪನೆಯ ಮಣ್ಣಿನ ಗೋಡೆ, ಹಜಾರದ ಗಾಳಿ ಇವೇ ಸಾಕಾಗಿದ್ದವು. ಇಂದಿನ ತಾರಸಿ ಮನೆಗಳಲ್ಲಿ ಚೈತ್ರ ವೈಶಾಖಗಳನ್ನು ಕಳೆಯುವುದು ವೃದ್ಧರಿಗೂ ರೋಗಿಗಳಿಗೂ ಕಷ್ಟವಾಗಿದೆ. ಆದುದರಿಂದ ಹವಾನಿಯಂತ್ರಕವು, ಅಂದರೆ ಎಲ್ಲರ ಬಾಯಲ್ಲಿರುವ ಏ.ಸಿ.ಯು, ಸಿರಿವಂತರ ಸೊತ್ತಾಗಿ ಮಾತ್ರ ಉಳಿದಿಲ್ಲ. ಅದು ಕೆಟ್ಟಾಗ ಗೃಹಸ್ಥರು ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದನ್ನು ನಮ್ಮ ಮನೆಯ ಅನುಭವದಿಂದಲೇ ಈ ತಿಂಗಳು ನಿವೇದಿಸುತ್ತೇವೆ.

ಹಾಸಿಗೆ ಹಿಡಿದಿದ್ದ ನಮ್ಮ ತಾಯಿಯವರಿಗಾಗಿ ಬೆಂಗಳೂರಿನ ಮಗನ ಮನೆಯಿಂದ ಒಂದು ಟನ್ನಿನ ಇನ್ವರ್ಟರ್ ಏ.ಸಿ.ಯನ್ನು ಬಿಚ್ಚಿಸಿ ಅರಸೀಕೆರೆಗೆ ತಂದೆವು. ಬೆವರಿನಿಂದ ಬೆನ್ನಿನ ಹುಣ್ಣು ಹೆಚ್ಚದಂತೆ ಕೋಣೆಯನ್ನು ತಂಪಾಗಿರಿಸಬೇಕೆಂದು ವೈದ್ಯರು ತಿಳಿಸಿದ್ದರು. ಮೊದಲ ತಿಂಗಳು ಎಲ್ಲವೂ ಸರಿಯಾಗಿತ್ತು. ಬಳಿಕ ತಂಪು ಕುಗ್ಗಿತು. ಬಂದ ಮೆಕ್ಯಾನಿಕ್ ಗೇಜು ಹಚ್ಚಿ, ಒತ್ತಡ ಕಡಿಮೆ ಇದೆ, ಗ್ಯಾಸ್ ಮುಗಿದಿದೆ ಎಂದು ತುಂಬಿಸಿ ಹೋದರು. ಎರಡು ದಿನ ತುಸು ತಂಪು ಬಂದಂತಾಗಿ ಪುನಃ ಅದೇ ಸ್ಥಿತಿ. ಮತ್ತೊಮ್ಮೆ ತುಂಬಿಸಿದರು. ಮೂರನೆಯ ವಾರದಲ್ಲಿ ಹೊರಘಟಕವು ಅರ್ಧ ಗಂಟೆ ಓಡಿ ತಾನೇ ನಿಲ್ಲತೊಡಗಿತು. ರಾತ್ರಿಯಿಡೀ ತಾಯಿಯವರ ಬಳಿ ಬೀಸಣಿಗೆ ಹಿಡಿದು ಕುಳಿತಿದ್ದ ನಮ್ಮ ಮನೆಯವರು ಕೇಳಿದ ಒಂದು ಮಾತು ನಮ್ಮನ್ನು ಎಚ್ಚರಿಸಿತು: “ಒಲೆಯ ಗ್ಯಾಸಾದರೆ ಉರಿದು ಮುಗಿಯುತ್ತದೆ. ಇದು ಎಲ್ಲಿ ಉರಿಯುತ್ತದೆ ಅಂತ ಮುಗಿಯಬೇಕು?”

ಪ್ರಶ್ನೆ ನ್ಯಾಯವಾದದ್ದೇ. ಏ.ಸಿ.ಯೊಳಗಿನ ಗ್ಯಾಸು ಖರ್ಚಾಗುವ ವಸ್ತುವಲ್ಲ. ಕಂಪ್ರೆಸರ್ ಅದನ್ನು ಅದುಮುತ್ತದೆ. ಅದುಮಿದಾಗ ಅದು ಕಾಯುತ್ತದೆ. ಹೊರಘಟಕದ ಕೊಳವೆಗಳಲ್ಲಿ ಆ ಕಾವನ್ನು ಕಳೆದುಕೊಂಡು ದ್ರವವಾಗುತ್ತದೆ. ಅನಂತರ ಒಂದು ಕಿರಿದಾದ ಕವಾಟದಲ್ಲಿ ನುಸುಳಿದಾಗ ಒತ್ತಡ ಇಳಿದು ತಣ್ಣಗಾಗುತ್ತದೆ. ಆ ತಣ್ಣನೆಯ ದ್ರವವೇ ಒಳಘಟಕದಲ್ಲಿ ಕುದಿದು ಆವಿಯಾಗುತ್ತಾ ಕೋಣೆಯ ಶಾಖವನ್ನು ಹೀರಿ ಕಂಪ್ರೆಸರಿಗೆ ಮರಳುತ್ತದೆ. ಈ ಸುತ್ತು ಮುಚ್ಚಿದ ಸುತ್ತು. ಎಲ್ಲಿಯಾದರೂ ಸೋರಿದ ಹೊರತು ಗ್ಯಾಸು ವರ್ಷಗಟ್ಟಲೆ ಕಡಿಮೆಯಾಗಲಾರದು. ಸೋರುವ ಜಾಗವನ್ನು ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸು ತುಂಬಿಸುವುದು ತೂತಾದ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ.

ಆದರೆ ಸೋರಿಕೆಯೇ ಇಲ್ಲದೆ ಗೇಜು ಒತ್ತಡವನ್ನು ಕಡಿಮೆ ತೋರಿಸುವುದೂ ಉಂಟು. ಅರಸಿಯ ಕೆರೆಯಿಂದ ಹೆಸರು ಪಡೆದ ಊರಿನವರಾದ ನಮಗೆ ಇದನ್ನು ತಿಳಿಯಲು ಕೆರೆಯ ದೃಷ್ಟಾಂತವೇ ಸಾಕು. ಹಳೇಬೀಡಿನ ದೋರಸಮುದ್ರವನ್ನು ಕಂಡವರಿಗೂ ಇದು ಹೊಸತಲ್ಲ. ಕೆರೆ ತುಂಬಿದ್ದರೂ ತೂಬಿನಲ್ಲಿ ಹೂಳು ಕಟ್ಟಿದರೆ ಗದ್ದೆ ಒಣಗುತ್ತದೆ. ಗದ್ದೆ ಒಣಗಿತೆಂದು ಕೆರೆಗೆ ಇನ್ನಷ್ಟು ನೀರು ತುಂಬಿದರೆ ಏರಿ ಒಡೆದೀತೇ ಹೊರತು ಪೈರಿಗೆ ನೀರು ಹರಿಯದು. ಏ.ಸಿ.ಯಲ್ಲಿ ಆ ಕಿರಿದಾದ ಕವಾಟವೇ ತೂಬು. ಹಳೆಯ ಮಾದರಿಗಳಲ್ಲಿ ಅದರ ಜಾಗದಲ್ಲಿ ಕೂದಲಿನಂಥ ತೆಳು ಕೊಳವೆ ಇರುತ್ತದೆ. ಈಗಿನ ಬಹಳಷ್ಟು ಇನ್ವರ್ಟರ್ ಏ.ಸಿ.ಗಳಲ್ಲಿ ಹಂತಹಂತವಾಗಿ ತಿರುಗುವ ಪುಟ್ಟ ಮೋಟಾರು ಒಂದು ಸೂಜಿಯನ್ನು ಏರಿಸಿ ಇಳಿಸಿ ದಾರಿಯನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಸೂಜಿ ಮುಚ್ಚಿದಂತೆ ಸಿಕ್ಕಿಕೊಂಡರೆ ಮುಂದಿನ ಕೊಳವೆಯಲ್ಲಿ ಒತ್ತಡ ಕುಸಿದು, ಗ್ಯಾಸೇ ಇಲ್ಲವೇನೋ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ತೆರೆದಂತೆಯೇ ಸಿಕ್ಕಿಕೊಂಡರೆ ಕುದಿಯದ ದ್ರವವು ಕಂಪ್ರೆಸರಿಗೆ ನುಗ್ಗಿ ಅದನ್ನೇ ಹಾಳುಮಾಡಬಲ್ಲದು.

ಕೊನೆಗೆ ಬೇಲೂರಿನ ಕಡೆಯ ಯುವಕರೊಬ್ಬರು ಬಂದರು. ಅವರು ಗ್ಯಾಸಿನ ಸಿಲಿಂಡರನ್ನು ಮುಟ್ಟುವ ಮೊದಲು ಒಂದು ಗಂಟೆ ಕಾಲ ನೋಡಿದ್ದೇ ನೋಡಿದ್ದು. ಒಳಘಟಕದ ಜಾಲರಿಯಲ್ಲಿ ಧೂಳು ಕಟ್ಟಿದ್ದರೂ ಮಂಜು ಹಿಡಿದು ತಂಪು ನಿಲ್ಲುತ್ತದೆಂದು ಮೊದಲು ಅದನ್ನು ತೊಳೆದರು. ಸಾಗಿಸುವಾಗ ಮುಚ್ಚಿದ್ದ ಹೊರಘಟಕದ ಹಿತ್ತಾಳೆಯ ಕವಾಟಗಳು ಪೂರ್ತಿ ತೆರೆದಿವೆಯೇ ಎಂದು ಪರೀಕ್ಷಿಸಿದರು. ಬೆಸುಗೆಗಳಿಗೂ ನಟ್ಟುಗಳಿಗೂ ಸೋಪಿನ ನೊರೆ ಹಚ್ಚಿದರು. ಒಂದು ಗುಳ್ಳೆಯೂ ಏಳಲಿಲ್ಲ, ಎಣ್ಣೆಯ ಜಿಡ್ಡೂ ಕಾಣಲಿಲ್ಲ. ವಿದ್ಯುತ್ತನ್ನು ಕೆಲವು ನಿಮಿಷ ನಿಲ್ಲಿಸಿ ಮತ್ತೆ ಕೊಟ್ಟಾಗ ಕವಾಟದ ಮೋಟಾರಿನ ಟಿಕ್ ಟಿಕ್ ಸದ್ದು ಕೇಳಿತು. ಅದರ ಸುರುಳಿಯೂ ಮೀಟರಿನಲ್ಲಿ ಸರಿಯೆಂದೇ ತೋರಿತು. ಆದರೂ ಕವಾಟವನ್ನು ದಾಟಿದ ಕೂಡಲೇ ಕೊಳವೆಯ ಮೇಲೆ ಬಿಳಿಯ ಮಂಜು ಕಟ್ಟುತ್ತಿತ್ತು. ಒಳಗಿದ್ದ ಗ್ಯಾಸನ್ನು ಬೇರೊಂದು ಸಿಲಿಂಡರಿಗೆ ಎಳೆದು ತೂಗಿದಾಗ, ಫಲಕದಲ್ಲಿ ನಮೂದಿಸಿದ್ದಕ್ಕಿಂತ ಬಹಳ ಹೆಚ್ಚಿತ್ತು! ಕಡಿಮೆಯಾಗಿದ್ದುದು ಗ್ಯಾಸಲ್ಲ, ದಾರಿ.

ಕವಾಟವನ್ನು ಕತ್ತರಿಸಿ ತೆಗೆದಾಗ ಸೂಜಿಯ ಸುತ್ತ ಕಪ್ಪು ಜಿಡ್ಡು ಅಂಟಿತ್ತು. ಕೊಳವೆಗಳಲ್ಲಿ ಗಾಳಿ, ತೇವ ಉಳಿದರೆ ಅದು ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಆಮ್ಲವಾಗಿ, ಕಾಲಕ್ರಮದಲ್ಲಿ ಇಂಥ ಜಿಡ್ಡಾಗುತ್ತದೆಯಂತೆ. ಆಗ ನಮಗೆ ನೆನಪಾಯಿತು. ಏ.ಸಿ. ಕೂಡಿಸಿದ ದಿನ, ವ್ಯಾಕ್ಯೂಮ್ ಪಂಪು ಹಚ್ಚಿ ಒಳಗಿನ ಗಾಳಿ ತೇವಗಳನ್ನು ಹೊರಗೆಳೆಯಲು ಇನ್ನೂ ಅರ್ಧ ಗಂಟೆ ಬೇಕೆಂದು ಕೆಲಸದವರು ಹೇಳಿದ್ದರು. ತಾಯಿಯವರನ್ನು ಆಸ್ಪತ್ರೆಯಿಂದ ಕರೆತರುವ ವೇಳೆಯಾಯಿತು, ಬೇಗ ಮುಗಿಸಿರಪ್ಪಾ ಎಂದು ಅವಸರಪಡಿಸಿದವರು ನಾವೇ. ಮೆಕ್ಯಾನಿಕ್ಕನ್ನು ಮನಸ್ಸಿನಲ್ಲೇ ಜರೆಯುತ್ತಿದ್ದ ನಾವು ತಲೆ ತಗ್ಗಿಸಬೇಕಾಯಿತು. ಆ ಯುವಕರು ಹೊಸ ಕವಾಟವನ್ನೂ ಡ್ರೈಯರನ್ನೂ ಬೆಸೆದು, ನೈಟ್ರೋಜನ್ ತುಂಬಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು, ಸಾವಕಾಶವಾಗಿ ಪಂಪು ಓಡಿಸಿ, ಗ್ಯಾಸನ್ನು ತೂಕ ಮಾಡಿಯೇ ತುಂಬಿದರು. ಈ ಸಲ ನಾವು ಗಡಿಯಾರವನ್ನು ನೋಡಲಿಲ್ಲ.

ಓದುಗ ಬಂಧುಗಳು ಇಷ್ಟನ್ನು ನೆನಪಿನಲ್ಲಿಡಬೇಕು. ಜಾಲರಿ ತೊಳೆಯುವುದು, ಮಂಜು ಎಲ್ಲಿ ಕಟ್ಟಿದೆ ಎಂದು ನೋಡುವುದು, ಸದ್ದು ಕೇಳುವುದು, ಇವು ಮನೆಯವರ ಕೆಲಸ. ಹಿತ್ತಾಳೆಯ ಮುಚ್ಚಳಗಳನ್ನು ಬಿಚ್ಚುವುದು ಮಾತ್ರ ನಮ್ಮ ಕೆಲಸವಲ್ಲ. ಒಳಗಿನ ಒತ್ತಡ ಅಪಾಯಕಾರಿ. ಇಂದು ಹೆಚ್ಚು ಬಳಕೆಯಲ್ಲಿರುವ ಆರ್-32 ಎಂಬ ಗ್ಯಾಸು ಅಲ್ಪಮಟ್ಟಿಗೆ ಹತ್ತಿಕೊಳ್ಳುವಂಥದ್ದು. ದೀಪ, ಊದುಬತ್ತಿ ಬಳಿಯಿರಬಾರದು. ಗ್ಯಾಸು ಮುಗಿದಿದೆ ಎಂದವರನ್ನು ವಿನಯದಿಂದಲೇ ಕೇಳಬೇಕು: ಎಲ್ಲಿ ಸೋರಿದೆ? ಕವಾಟವನ್ನು ನೋಡಿದಿರಾ? ವ್ಯಾಕ್ಯೂಮ್ ಮಾಡುವಿರಾ? ತೂಕ ಮಾಡಿ ತುಂಬುವಿರಾ?

ಹಳೆಯ ಗ್ಯಾಸನ್ನು ಬಯಲಿಗೆ ಬಿಡಲು ಒಪ್ಪಲೂಬಾರದು. ಒಂದು ಕಿಲೋ ಆರ್-32 ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಕಿಗಾಲಿಯಲ್ಲಿ ಮಾಡಿದ ತಿದ್ದುಪಡಿಯು ಇಂಥ ಅನಿಲಗಳನ್ನು ಕ್ರಮೇಣ ತಗ್ಗಿಸಲೆಂದೇ ಆದುದು. ಭಾರತವು 2021ರಲ್ಲಿ ಅದನ್ನು ಅನುಮೋದಿಸಿದೆ. ಒಂದು ಕೋಣೆಯನ್ನು ತಂಪುಮಾಡಲು ಹೋಗಿ ಊರಿನ ಬಿಸಿಲನ್ನು ಹೆಚ್ಚಿಸುವುದು ವಿವೇಕವಲ್ಲ.

ಅಂದು ರಾತ್ರಿ 24 ಡಿಗ್ರಿಗೆ ಇಟ್ಟ ಕೋಣೆಯಲ್ಲಿ ತಾಯಿಯವರು ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಮಲಗಿದರು. ಬೀಸಣಿಗೆಯನ್ನು ಗೋಡೆಗೆ ಒರಗಿಸಿ ಮನೆಯವರೂ ನಿದ್ದೆಹೋದರು. ಕೆಲಸದವರು ಕೇಳಿದ ಅರ್ಧ ಗಂಟೆಯನ್ನು ಅಂದೇ ಕೊಟ್ಟಿದ್ದರೆ, ಆ ಮೂರು ವಾರಗಳ ಸಂಕಟ ಅವರಿಬ್ಬರಿಗೂ ಇರುತ್ತಿರಲಿಲ್ಲ.