ಘಟ್ಟದ ಕೆಳಗಿನ ಮಳೆಗೆ ಎಂಥ ಕೋವಿ?

ಶಿವಾಜಿನಗರದ ಬೇಕರಿ, ಹಲಸೂರಿನ ಹೋಟೆಲು, ಇಂದಿರಾನಗರದ ದರ್ಶಿನಿ. ಗಲ್ಲಾದಲ್ಲಿ ಕೂತವರನ್ನು ಊರು ಯಾವುದೆಂದು ಕೇಳಿ ನೋಡಿ. ಕುಂದಾಪುರ, ಉಡುಪಿ, ಪುತ್ತೂರು, ಸುಳ್ಯ ಎಂಬ ಉತ್ತರ ಮತ್ತೆ ಮತ್ತೆ ಬರುತ್ತೆ. ವ್ಯಾಪಾರ ಇಲ್ಲಿ, ಗದ್ದೆ ತೋಟ ಅಲ್ಲಿ. ಮುಂಗಾರು ಹಿಡಿದ ಮೇಲೆ ಊರಿಂದ ಬರುವ ಫೋನಿನಲ್ಲಿ ಒಂದೇ ರಾಗ: ಹಂದಿ ಗದ್ದೆಗೆ ಇಳಿದಿದೆ, ಅಜ್ಜನ ಕೋವಿ ಹಾರ್ತಾ ಇಲ್ಲ, ಬೆಂಗಳೂರಲ್ಲಿ ಒಳ್ಳೆಯ ರೈಫಲ್ ಒಂದು ನೋಡು.

ರೈಫಲ್ ನೋಡುವ ಮೊದಲು ಕಾನೂನು ನೋಡುವುದು ಒಳ್ಳೆಯದು. ಶಿಕಾರಿಯ ಕಾಲ ಮುಗಿದಿದೆ. ಎಚ್.ಎ.ಎಲ್. ನೌಕರಿಯಲ್ಲಿದ್ದ ಕೆನೆತ್ ಆಂಡರ್ಸನ್ ತಮ್ಮ .405 ವಿಂಚೆಸ್ಟರ್ ಹೆಗಲಿಗೇರಿಸಿ ನರಭಕ್ಷಕಗಳ ಬೆನ್ನು ಹತ್ತಿದ ಕತೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರು ಬಹಳ ಮಂದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿ ಆ ಬಾಗಿಲನ್ನೇ ಮುಚ್ಚಿದವು. ಇವತ್ತು ಹಳ್ಳಿಯ ರೈತನಿಗೆ ಕೋವಿ ಸಿಗುವುದು ಮುಖ್ಯವಾಗಿ ಬೆಳೆ ಕಾಯುವುದಕ್ಕೆ.

ಕಾಯಿದೆಗೆ ಮಳೆ ಗೊತ್ತೇ?

ಬೆಳೆ ರಕ್ಷಣೆಗೆ ಯಾವ ಕೋವಿ ಎಂಬುದನ್ನು 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮಿನಲ್ಲೇ ಬರೆದಿದೆ. ನಳಿಗೆಯ ಬಾಯಿಂದ ಮದ್ದು ಜಡಿದು ಹಾರಿಸುವ ಕೋವಿ, ಅಂದರೆ ಜನರ ಬಾಯಲ್ಲಿ ಕೇಪಿನ ಕೋವಿ. ಬಯಲುಸೀಮೆಗೆ ಅದು ನಡೆದೀತು. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 1,000 ಮಿ.ಮೀ. ಮಳೆ. ಮಂಗಳೂರಿಗೆ 3,500 ಮಿ.ಮೀ.ಗೂ ಮೇಲೆ. ಕರಿಮದ್ದು ಗಾಳಿಯ ತೇವವನ್ನೇ ಹೀರಿಕೊಳ್ಳುತ್ತೆ. ಕೇಪು ತಣಿದರೆ 'ಟಿಕ್' ಎಂಬ ಸದ್ದೇ ಗತಿ. ಹಂದಿ ಬರುವುದು ಮಳೆಗಾಲದ ರಾತ್ರಿ, ಕೋವಿ ಕೈ ಕೊಡುವುದೂ ಅದೇ ರಾತ್ರಿ.

ಇದಕ್ಕೆ ದಾರಿ ಅದೇ ಕಲಮಿನಲ್ಲಿ ಇದೆ, ನೋಡುವವರು ಕಮ್ಮಿ. ಕೇಪಿನ ಕೋವಿ ಬೆಳೆ ಕಾಯಲು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ, ನುಣುಪು ನಳಿಗೆಯ ಬೇರೆ ಕೋವಿಗೂ ಲೈಸನ್ಸು ಕೊಡಬಹುದು. ಅಂದರೆ ತೋಟೆ ಹಾಕಿ ಹಾರಿಸುವ 12 ಬೋರ್, ಒಂಟಿ ನಳಿಗೆ ಅಥವಾ ಜೋಡಿ ನಳಿಗೆ. ಅರ್ಜಿಯಲ್ಲಿ ಬರೀ 'ಬೆಳೆ ರಕ್ಷಣೆಗೆ' ಎಂದು ಗೀಚಿ ಬಂದರೆ ಸಾಲದು. ಊರಿನ ಮಳೆ, ತೋಟದ ಜಾಗ, ಕೇಪಿನ ಕೋವಿ ಯಾಕೆ ನಡೆಯೋಲ್ಲ ಎಂಬುದನ್ನು ಬಿಡಿಸಿ ಬರೆಯಬೇಕು.

ಹಾಗಾದರೆ ರೈಫಲ್? ಬೆಳೆ ರಕ್ಷಣೆಯ ಈ ಮಾತಿನೊಳಗೆ ಅದು ಬರುವುದೇ ಇಲ್ಲ. ಬಂದರೂ ಕರಾವಳಿಗೆ ಹೇಳಿಸಿದ್ದಲ್ಲ. ಪಶ್ಚಿಮ ಬಂಗಾಳದ ಈಷಾಪುರ ಕಾರ್ಖಾನೆಯ .315 ರೈಫಲಿನ ಗುಂಡು ಒಂದು ಕಿಲೋಮೀಟರ್ ದಾಟಿಯೂ ಜೀವ ತೆಗೆಯಬಲ್ಲದು. ಅಡಕೆ ತೋಟದ ಆಚೆಗೊಂದು ಮನೆ, ಗುಡ್ಡದ ಬುಡದಲ್ಲೊಂದು ಮನೆ ಇರುವ ಸೀಮೆ ಅದು. ಕತ್ತಲಲ್ಲಿ ಗುರಿ ತಪ್ಪಿದ ಗುಂಡು ಹೋಗಿ ಯಾರ ಜಗಲಿಗೆ ಬೀಳುತ್ತೋ! ಕೊಡಗಿನವರ ಹತ್ತಿರ ಇದೆಯಲ್ಲ ಅನ್ನಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ವಿಸ್ತರಿಸಿತು. ಘಟ್ಟದ ಕೆಳಗಿನವರಿಗೆ ಅದು ಅನ್ವಯಿಸದು.

ತುಕ್ಕೇ ಮೊದಲ ವೈರಿ

12 ಬೋರ್ ತಂದ ಮೇಲೂ ಕೆಲಸ ಮುಗಿಯೋಲ್ಲ. ಕಡಲ ಕಡೆಯ ಉಪ್ಪು ಗಾಳಿಗೆ ಕಬ್ಬಿಣ ಬೇಗ ಸೋಲುತ್ತೆ. ತೋಟೆ ಕೊಳ್ಳುವಾಗ ಕಾಗದದ ಕೊಳವೆಯದು ಬೇಡ, ತೇವಕ್ಕೆ ಉಬ್ಬಿ ನಳಿಗೆಯಲ್ಲೇ ಕಚ್ಚಿಕೊಳ್ಳುತ್ತೆ. ಪ್ಲಾಸ್ಟಿಕ್ ಕೊಳವೆಯದೇ ವಾಸಿ. ಚರ್ಮದ ಪಟ್ಟಿ, ಚರ್ಮದ ಚೀಲ ನೋಡಲು ಚೆಂದ, ಆದರೆ ನೀರು ಕುಡಿದು ಕೂರುತ್ತವೆ. ಪಟ್ಟಿ ನೈಲಾನಿನದಿರಲಿ. ಮನೆಗೆ ಬಂದ ಮೇಲೆ ಕೋವಿಯನ್ನು ಚೀಲದಲ್ಲಿ ಮುಚ್ಚಿಡದೆ, ತೋಟೆ ತೆಗೆದು, ಒರೆಸಿ, ಎಣ್ಣೆ ಸವರಿ, ಗಾಳಿಯಾಡುವ ಕಡೆ ಬೀಗ ಹಾಕಿಡಬೇಕು. ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಅದು ಕ್ರಮೇಣ ಅಂಟಾಗುತ್ತೆ, ಹೊಲಿಗೆ ಮಿಷನ್ನಿನ ಎಣ್ಣೆಯಾದರೂ ಆದೀತು. ಕೇಪಿನ ಕೋವಿಯನ್ನೇ ಇಟ್ಟುಕೊಂಡವರು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕಲಿ. ಕರಿಮದ್ದಿನ ಕಿಟ್ಟ ನೀರಿಗೆ ಕರಗುತ್ತೆ, ಎಣ್ಣೆಗಲ್ಲ. ನಳಿಗೆಯ ಬಾಯಿಗೆ ಮಣ್ಣು ಹೊಕ್ಕಿದ್ದರೆ ಈಡು ಹಾರಿಸಲೇಬಾರದು, ನಳಿಗೆಯೇ ಸೀಳಿ ಹೋದೀತು.

ಇಷ್ಟೆಲ್ಲ ಜೋಪಾನ ಮಾಡಿದ ಕೋವಿಗೆ ದೊಡ್ಡ ಗಂಡಾಂತರ ಬರುವುದು ಚುನಾವಣೆಗೆ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ 6ಕ್ಕೆ ಮುಗಿಯಿತು. ಠಾಣೆಗೆ ಒಪ್ಪಿಸಿದ ಕೋವಿ ವಾಪಸು ಬರುವ ಹೊತ್ತಿಗೆ ಮಳೆ ಬಾಗಿಲಿಗೆ ಬಂದಿರುತ್ತೆ. ಯಾರ ಕೋವಿ ಒಪ್ಪಿಸಬೇಕೆಂದು ಪರಿಶೀಲಿಸಲು ಸಮಿತಿ ಇರಬೇಕೆಂದು ಚುನಾವಣಾ ಆಯೋಗವೇ ಹೇಳಿದೆ. ಆದರೂ ಸಾರಾಸಗಟಾಗಿ ಎಲ್ಲರ ಕೋವಿ ಕೇಳುತ್ತಾರೆಂಬುದು ಕರಾವಳಿ, ಮಲೆನಾಡಿನ ರೈತರ ಹಳೆಯ ದೂರು. ಅಪರಾಧದ ಸೋಂಕಿಲ್ಲದ ರೈತ ತನಗೆ ಬೆಳೆ ಕಾಯಲು ಕೋವಿ ಬೇಕೆಂದು ಸಕಾಲಕ್ಕೆ ಬರೆದು ಕೊಡಲಿ. ಒಪ್ಪಿಸಲೇಬೇಕಾದರೆ ಎಣ್ಣೆ ಹಾಕಿ ಒಪ್ಪಿಸಿ, ಕೋವಿಯ ಸ್ಥಿತಿ ಬರೆಸಿದ ರಶೀದಿ ಪಡೆಯಲಿ.

ಇನ್ನೊಂದು ಮಾತು. ಲೈಸನ್ಸು ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕು ಬರೋಲ್ಲ. ಕಾಡುಹಂದಿ ಈಗ ಎರಡನೇ ಅನುಸೂಚಿಯ ಪ್ರಾಣಿ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಸತ್ತ ಹಂದಿಯೂ ಸರ್ಕಾರದ್ದೇ, ಸಾರಿಗಲ್ಲ.

ಬೆಂಗಳೂರಿನ ಮಕ್ಕಳಿಗೂ ಪಾಠವಿದೆ. ಅಪ್ಪನ ಕೋವಿಯನ್ನು ರಿಪೇರಿಗೆಂದು ರಾತ್ರಿ ಬಸ್ಸಿಗೆ ಹಾಕಿಕೊಂಡು ಬರುವುದು ಆಟವಲ್ಲ. ಅಪ್ಪ ಜೊತೆಗಿರಬೇಕು, ಇಲ್ಲವೇ ಅವರ ಬರಹದ ಒಪ್ಪಿಗೆ ಕೈಯಲ್ಲಿರಬೇಕು. ಅಪ್ಪನಿಗೆ 70 ತುಂಬಿದ್ದರೆ, ಅಥವಾ ಆ ಕೋವಿ 25 ವರ್ಷ ಅವರ ಹತ್ತಿರವೇ ಇದ್ದರೆ, ವಾರಸುದಾರನ ಹೆಸರಿಗೆ ಲೈಸನ್ಸು ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ. ಆದರೆ ಊರಲ್ಲಿ ಗದ್ದೆ ಮಾಡುವವನು ತಮ್ಮನಾದರೆ, ಕೇಳಬೇಕಾದವನೂ ತಮ್ಮನೇ. ಹಲಸೂರಿನ ಗಲ್ಲಾದಲ್ಲಿ ಕೂತು ಸುಳ್ಯದ ಹಂದಿ ಓಡಿಸೋಕೆ ಆಗುತ್ತಾ?