ಗುಳಿಗೆಯ ಮಾತು ಮನೆಮಾತಿನಲ್ಲಿರಲಿ

ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿಯ ಸಮೀಪವಿರುವ ನೆಗಮಂ ಕೈಮಗ್ಗದ ಹತ್ತಿ ಸೀರೆಗೆ ಹೆಸರಾದ ಊರು. 2023ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅದನ್ನು ನೇಯುವ ದೇವಾಂಗರ ಮನೆಮಾತು ಕನ್ನಡ. ಆದರೆ ಶಾಲೆಯಲ್ಲಿ ಕಲಿತದ್ದು ತಮಿಳಾದುದರಿಂದ ಹೆಚ್ಚಿನವರಿಗೆ ಕನ್ನಡ ಆಡುವ ಭಾಷೆಯೇ ಹೊರತು ಓದುವ ಭಾಷೆಯಲ್ಲ. ಕಾಸರಗೋಡಿನ ನಮ್ಮ ಹಿರಿಯರು ಕನ್ನಡ ಓದಬಲ್ಲರು. ಮಲೆಯಾಳ, ಇಂಗ್ಲಿಷುಗಳಲ್ಲಿ ಅನೇಕರು ತಡವರಿಸುತ್ತಾರೆ. ಔಷಧದ ಪೊಟ್ಟಣದ ಮೇಲಿನ ಇಂಗ್ಲಿಷು ಬರಹವಂತೂ ಎರಡೂ ಕಡೆಯವರಿಗೆ ದೂರವೇ. ಕೆಲವು ಔಷಧಗಳ ವಿಷಯದಲ್ಲಿ ಈ ದೂರ ಪ್ರಾಣಕ್ಕೆ ಸಂಬಂಧಿಸಿದ್ದು.

ಹೃದಯದ ಬಡಿತ ತಾಳ ತಪ್ಪಿದಾಗ ಕೊಡುವ ಅಮಿಯೊಡರೋನ್ ಅಂತಹ ಒಂದು ಔಷಧ. ಬೆಲ್ಜಿಯಂನಲ್ಲಿ 1961ರಲ್ಲಿ ಎದೆನೋವಿಗೆಂದು ಇದನ್ನು ತಯಾರಿಸಿದರು. ಬಡಿತವನ್ನು ಹದಕ್ಕೆ ತರುವ ಇದರ ಗುಣವನ್ನು 1970ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟಿಸಿದವರಲ್ಲಿ ಫಿಜಿಯಲ್ಲಿ ಹುಟ್ಟಿದ ವೈದ್ಯ ಬ್ರಮಾ ಸಿಂಗರೂ ಒಬ್ಬರು. ಅಮೆರಿಕ 1985ರಲ್ಲಿ ಇದಕ್ಕೆ ಅನುಮತಿಯಿತ್ತಿತು. ಇದು ಅನೇಕರ ಪ್ರಾಣ ಕಾಯುವ ಔಷಧವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಇದರ ತೂಕದಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಅಯೊಡಿನ್ ಇದೆ. ಅದರಿಂದ ಥೈರಾಯ್ಡ್ ಗ್ರಂಥಿಯ ಕೆಲಸ ಏರಬಹುದು, ಇಳಿಯಲೂಬಹುದು. ಯಕೃತ್ತು, ಶ್ವಾಸಕೋಶಗಳಿಗೂ ಹಾನಿಯಾಗಬಹುದು. ಕೆಮ್ಮು ಬಂದರೆ ನೇಕಾರ ಅದನ್ನು ನೂಲಿನ ಧೂಳಿನದೆಂದು ತಳ್ಳಿಹಾಕುತ್ತಾನೆ. ಬಿಸಿಲಿಗೆ ಚರ್ಮ ಸುಟ್ಟಂತಾದರೆ ನಮ್ಮ ಕೃಷಿಕ ತೋಟದ ಕೆಲಸದಿಂದಾದುದೆನ್ನುತ್ತಾನೆ. ಆಯಾಸವೆಂದರೆ ಎಲ್ಲರೂ ವಯಸ್ಸಿನತ್ತ ಬೆರಳು ತೋರಿಸುತ್ತಾರೆ. ಇವು ಗುಳಿಗೆಯಿಂದಲೂ ಬರಬಹುದೆಂದು ತಿಳಿದವನು ಮಾತ್ರ ಸಕಾಲದಲ್ಲಿ ವೈದ್ಯರಲ್ಲಿಗೆ ಹೋಗುತ್ತಾನೆ. ಗುಳಿಗೆ ನಿಲ್ಲಿಸಿದ ಮೇಲೂ ಔಷಧ ವಾರಗಟ್ಟಲೆ, ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ತಡವಾದರೆ ಕಷ್ಟ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಪ್ರಭಾವವನ್ನೂ ಇದು ಹೆಚ್ಚಿಸುತ್ತದೆ. ಆ ಗುಳಿಗೆಯ ಪ್ರಮಾಣ ತಗ್ಗಿಸದಿದ್ದರೆ ರಕ್ತಸ್ರಾವದ ಭಯವಿದೆ. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಯಕೃತ್ತುಗಳ ರಕ್ತಪರೀಕ್ಷೆ ಬೇಕೆನ್ನುವುದು ಇದಕ್ಕಾಗಿಯೇ. ಹಾಗೆಂದು ಹೆದರಿ ತಾವಾಗಿಯೇ ಗುಳಿಗೆ ಬಿಡುವುದೂ ಅಪಾಯಕರ.

ಇಷ್ಟನ್ನು ಹೇಳಲು ಗ್ರಂಥ ಬೇಕಿಲ್ಲ, ಐದಾರು ಸಾಲಿನ ಚೀಟಿ ಸಾಕು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶವಿತ್ತಿದೆ. ಜಮೀನಿನ ಅರ್ಜಿಗೆ ಸಲ್ಲುವ ಭಾಷೆ ಜೀವದ ಗುಳಿಗೆಗೆ ಏಕೆ ಸಲ್ಲಬಾರದು? ಇಂತಹ ಔಷಧ ಕೊಡುವಾಗ ಕನ್ನಡ ಚೀಟಿಯನ್ನೂ ಕೊಡುವುದು ಕಾಸರಗೋಡಿನ ಸರಕಾರಿ ಆಸ್ಪತ್ರೆಗಳ ಕರ್ತವ್ಯವೆಂದು ನಾವು ತಿಳಿಯುತ್ತೇವೆ. ನೆಗಮಂನಂತಹ ಊರುಗಳಲ್ಲಿ ಕನ್ನಡದ ಚೀಟಿಯಿಂದ ಪ್ರಯೋಜನವಿಲ್ಲ. ಅಲ್ಲಿ ತಮಿಳಿನ ಚೀಟಿ ಇರಲಿ, ಅದನ್ನು ಮನೆಯ ಕನ್ನಡದಲ್ಲಿ ಬಿಡಿಸಿ ಹೇಳುವವರೂ ಇರಲಿ.

ಸರಕಾರ ಕಣ್ತೆರೆಯುವ ತನಕ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಓದು ಬಲ್ಲ ಮಕ್ಕಳು, ಮೊಮ್ಮಕ್ಕಳು ಅಜ್ಜ ಅಜ್ಜಿಯರ ಗುಳಿಗೆಗಳ ಹೆಸರು, ಹೊತ್ತು, ಪರೀಕ್ಷೆಯ ತಾರೀಕುಗಳನ್ನು ವೈದ್ಯರಲ್ಲಿ ಕೇಳಿ ಬರೆದಿಡಲಿ. ಭಾಷೆಯ ಅಭಿಮಾನ ಸಭೆಯ ವೇದಿಕೆಗಷ್ಟೇ ಮೀಸಲಾಗದೆ ಮನೆಯ ಔಷಧದ ಡಬ್ಬಿಯ ತನಕವೂ ತಲುಪಬೇಕೆಂಬುದು ನಮ್ಮ ವಿನಂತಿ.